ಮಕ್ಕಳೂ ಮೊಳಕೆಯೂ

ಕಳೆದ ಆಷಾಢದ ಒಂದು ಸಂಜೆ. ಕಚೇರಿ ಮುಗಿಸಿ, ಗೋರೆಗಾಂವ್ ನಿಲ್ದಾಣದಲ್ಲಿ ಜನರ ನೂಕಿಗೆ ನಾವೂ ಹೊರಬಿದ್ದು, ಸೇತುವೆಯಿಳಿದು, ತೊಯ್ದ ಕೊಡೆಯೊಂದಿಗೆ ಮನೆ ಸೇರುವ ಹೊತ್ತಿಗೆ ನಮ್ಮ ಮಗಳು ಗ್ಯಾಲರಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ವಯಸ್ಸು ಏಳು, ಎರಡನೆಯ ಇಯತ್ತೆ. ಎದುರಿಗೆ ಶ್ರೀಖಂಡದ ಖಾಲಿ ಡಬ್ಬಿ, ಅದರ ತುಂಬ ಮಣ್ಣು. ಸಾಲೆಯಲ್ಲಿ ಏನಾದರೊಂದು ಬೀಜ ಹಾಕಿ ಅದು ಬೆಳೆಯುವುದನ್ನು ಬರೆದುಕೊಂಡು ಬರಬೇಕೆಂದು ಹೇಳಿದ್ದರಂತೆ.

"ಅಪ್ಪಾ, ಎಂಟು ದಿನಾ ಆತು. ತೊಗರಿ ಯಾಕ ಬರವಲ್ದು?"

ಬೆರಳಿನಿಂದ ಮಣ್ಣು ಕೆದಕಿ ನೋಡಿದೆವು. ಒಳಗೆ ಸಿಕ್ಕಿದ್ದು ಅರೆಕೊಳೆತ ತೊಗರಿಬೇಳೆ!

ವಾಚಕ ಬಂಧುಗಳು ನಗಬಹುದು. ನಮಗೆ ನಗೆ ಬರಲಿಲ್ಲ. ನಮ್ಮದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ನಮ್ಮ ತಂದೆ, ಅವರ ತಂದೆ ಎಲ್ಲರೂ ತೊಗರಿ ಬಿತ್ತಿ ಬದುಕಿದವರು. ನಾವೇ ಬಿ.ಎ. ಎಂಬ ಎರಡಕ್ಷರ ಹಿಂದೆ ಹಚ್ಚಿಕೊಂಡು, ಕಾರಕೂನಿಕೆ ಹಿಡಿದು ಈ ಊರಿಗೆ ಬಂದವರು. ಅಂಥ ಮನೆತನದ ಮೊಮ್ಮಗಳಿಗೆ ತೊಗರಿಯೆಂದರೆ ಡಬ್ಬಿಯೊಳಗಿನ ಹಳದಿ ಬೇಳೆ. ಹಾಗೆಂದು ಅವಳ ತಪ್ಪೇನು? ಇಡೀ ತೊಗರಿಯನ್ನು ಅವಳ ಕಣ್ಣಿಗೆ ನಾವು ಯಾವಾಗ ತೋರಿಸಿದ್ದೆವು?

ನಮ್ಮ ಕಚೇರಿಯ ರೂಢಿಯೇ ಬೇರೆ. ಯಾವ ಪ್ರಶ್ನೆ ಬಂದರೂ ಎರಡು ಸಾಲಿನ ಟಿಪ್ಪಣಿ ಬರೆದು ಕಡತ ಮುಚ್ಚುವುದು. "ಬೇಳೆ ಹುಟ್ಟುವುದಿಲ್ಲ, ಕಾಳು ಹುಟ್ಟುತ್ತದೆ" ಎಂದು ಹೇಳಿ ಕೈತೊಳೆದುಕೊಳ್ಳುವವರೇ ಇದ್ದೆವು. ಆದರೆ ನಮ್ಮಾಕೆ ಅಡಿಗೆಮನೆಯಿಂದಲೇ, "ಯಾಕ ಅಂತನೂ ಹೇಳ್ರಿ ಮತ್ತ" ಎಂದಳು. ಮಾರನೆಯ ದಿನದ ಉಸುಳಿಗೆಂದು ನೆನೆಹಾಕಿದ್ದ ಕಡಲೆಯಲ್ಲಿ ನಾಲ್ಕು ಕಾಳು ಎತ್ತಿಕೊಂಡು ಮಗಳ ಮುಂದೆ ಕುಳಿತೆವು.

ನೆನೆದ ಕಡಲೆಯ ಸಿಪ್ಪೆ ಸುಲಿದರೆ ಎರಡು ಹೋಳು. ಹೋಳುಗಳನ್ನು ಮೆಲ್ಲಗೆ ಬಿಡಿಸಿದರೆ, ಅವು ಕೂಡುವ ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಚಿಕ್ಕದೊಂದು ಮೂತಿ. ಅದರ ಒಂದು ತುದಿ ಬೇರಾಗುವುದು, ಇನ್ನೊಂದು ತುದಿ ಚಿಗುರಾಗುವುದು. ಎರಡು ಹೋಳುಗಳೂ ಆ ಕೂಸಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಗಿರಣಿಯಲ್ಲಿ ಬೇಳೆ ಒಡೆಯುವಾಗ ಸಿಪ್ಪೆಯೂ ಹೋಗುತ್ತದೆ, ಮೂತಿಯೂ ಮುರಿಯುತ್ತದೆ. ಡಬ್ಬಿಯಲ್ಲಿ ಹೂತಿಟ್ಟದ್ದು ಬುತ್ತಿ ಮಾತ್ರ. ಅದನ್ನುಣ್ಣುವ ಕೂಸು ಅಲ್ಲಿರಲಿಲ್ಲ. ಮಗಳು ನಾಲ್ಕೂ ಕಾಳು ಬಿಡಿಸಿ ನೋಡಿ, ಕೊನೆಗೆ ಕೂಸು ಸಹಿತ ತಿಂದು ಮುಗಿಸಿದಳು. ಅದೂ ಒಂದು ಪಾಠವೇ ಎನ್ನಿ.

ಮರುದಿನ ಮೂರು ಕಿರಾಣಿ ಅಂಗಡಿ ತಿರುಗಿದ ಮೇಲೆ ಇಡೀ ತೊಗರಿ ಸಿಕ್ಕಿತು. ಅವರೆಕಾಳಿಗೆ ಮಾತ್ರ ತಿರುಗಬೇಕಾಗಲಿಲ್ಲ; ಬೇಸಗೆ ರಜೆಯಲ್ಲಿ ಅವ್ವ ಕಟ್ಟಿಕೊಟ್ಟ ಗಂಟು ಇನ್ನೂ ಇತ್ತು. ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ಕಾಳುಗಳನ್ನು ಸಿಕ್ಕಿಸಿದೆವು. ತಳದಲ್ಲಿ ಒಂದು ಬೆರಳಷ್ಟು ನೀರು. ಮಣ್ಣಿನಲ್ಲಿ ಬಿತ್ತಿದರೆ ನಡೆಯುವುದೆಲ್ಲ ಮರೆಯಲ್ಲಿ ನಡೆಯುತ್ತದೆ, ಲೋಟದಲ್ಲಾದರೆ ಎದುರಿಗೇ. ಏಳು ವರ್ಷದ ಮಗುವಿಗೆ ಕಾಣದ ಸಂಗತಿಯ ಮೇಲೆ ನಾಲ್ಕು ದಿನ ನಂಬಿಕೆಯಿಡೆಂದು ಹೇಳುವುದು ಅನ್ಯಾಯ. ನಮಗೇ ಬಡತಿಯ ಆದೇಶದ ವಿಷಯದಲ್ಲಿ ಅಷ್ಟು ತಾಳ್ಮೆಯಿಲ್ಲ.

ಎರಡು ಕಾಳುಗಳನ್ನು ಬೇಕೆಂದೇ ತಲೆಕೆಳಗಾಗಿ ಇಟ್ಟೆವು. ಮೊದಲು ಹೊರಬರುವುದು ಬೇರು. ತಲೆಕೆಳಗಾದ ಕಾಳಿನ ಬೇರು ಮೇಲ್ಮುಖವಾಗಿ ಹೊರಟು, ಒಂದು ದಿನದೊಳಗೆ ಕೊಕ್ಕೆಯಂತೆ ಬಾಗಿ ಕೆಳಗೆ ಇಳಿಯಿತು. ಮಗಳು ಲೋಟದ ಮುಂದೆ ಗಲ್ಲ ಊರಿ ಕುಳಿತು ಕೇಳಿದಳು: "ಕೆಳಗ ಯಾವ ಕಡೆ ಅಂತ ಅದಕ್ಕ ಹೆಂಗ ಗೊತ್ತಾತು? ಕಣ್ಣಿಲ್ಲ ಅಲ್ಲಾ?"

ಇಂಥ ಪ್ರಶ್ನೆ ಬಂದಾಗ "ದೇವರು ಹಾಗೆ ಮಾಡಿದ್ದಾನೆ" ಎನ್ನುವುದು ಸುಲಭ. ಆದರೆ ಇದೇ ಪ್ರಶ್ನೆ ಕೇಳಿ ದೊಡ್ಡವರೆನಿಸಿಕೊಂಡವರಿದ್ದಾರೆ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬಾತ 1806ರಲ್ಲಿ ಹರಿಯುವ ನೀರಿನಿಂದ ತಿರುಗುವ ಗಾಲಿಯೊಂದಕ್ಕೆ ಬೀಜಗಳನ್ನು ಕಟ್ಟಿ ಮೊಳಕೆ ಬರಿಸಿದ. ಗಾಲಿ ಗರಗರ ತಿರುಗುತ್ತಿದ್ದುದರಿಂದ ಮೊಳಕೆಗೆ ಮೇಲು ಕೆಳಗಿನ ಗುರುತು ಉಳಿಯಲಿಲ್ಲ. ಬೇರುಗಳು ಗಾಲಿಯಿಂದ ಹೊರಮುಖವಾಗಿ, ಚಿಗುರುಗಳು ನಡುಮುಖವಾಗಿ ಬೆಳೆದವು. ಡಾರ್ವಿನ್ ಮಹಾಶಯನೂ ಅವನ ಮಗ ಫ್ರಾನ್ಸಿಸನೂ ಕೂಡಿ ಬೇರಿನ ತುದಿಯಲ್ಲಿಯೇ ಈ ಅರಿವು ಇದೆಯೆಂದು 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದರು. ಬೇರಿನ ತುದಿಗೆ ಟೋಪಿಯಂಥ ಕವಚವುಂಟು. ಅದರ ಜೀವಕೋಶಗಳೊಳಗೆ ಪಿಷ್ಟದ ಸಣ್ಣ ಹರಳುಗಳಿವೆ. ಬೇರು ಹೇಗೆ ತಿರುಗಿದರೂ ಹರಳುಗಳು ಕೆಳಗಿನ ಬದಿಗೆ ಇಳಿದು ಕೂಡುತ್ತವೆ. ಮಗಳಿಗೆ ನಾವು ಹೇಳಿದ್ದು ಇಷ್ಟು: "ಚೀಲದಾಗ ಗೋಟಿ ಹಾಕಿ ಚೀಲಾ ಹೆಂಗ ತಿರುವಿದರೂ ಗೋಟಿ ತಳಕ್ಕ ಬರತಾವಲ್ಲ, ಹಂಗ." ಅವಳು ಗೋಟಿಯ ಚೀಲ ತಂದು ತಿರುವಿ ನೋಡಿ ಒಪ್ಪಿದಳು. ಈ ಗೋಟಿಗಳ ಮಾತನ್ನು ವಾಚಕರು ನೆನಪಿಡಬೇಕು; ಮುಂದೆ ನಮ್ಮ ಮಾನ ಹೋದದ್ದು ಅದರಿಂದಲೇ.

ಇನ್ನೊಂದು ವಿಚಿತ್ರವನ್ನು ಅವಳೇ ಕಂಡುಹಿಡಿದಳು. ಅವರೆಯ ಕಾಳು ತನ್ನ ಎರಡೂ ಹೋಳುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮೇಲೇಳುತ್ತದೆ. ತೊಗರಿ ಹಾಗಲ್ಲ, ಬುತ್ತಿಯನ್ನು ಕೆಳಗೇ ಇಟ್ಟು ಚಿಗುರನ್ನಷ್ಟೇ ಮೇಲಕ್ಕೆ ಕಳಿಸುತ್ತದೆ. ಹೆಸರು ಅವರೆಯ ಹಾಗೆ, ಕಡಲೆ ತೊಗರಿಯ ಹಾಗೆ. ಜೋಳಕ್ಕಂತೂ ಹೋಳುಗಳೇ ಇಲ್ಲ, ಸೂಜಿಯಂತೆ ಒಂದೇ ಎಲೆ ಮೇಲೆ ಬರುತ್ತದೆ. ಬಿ.ಎ. ಮುಗಿಸಿದ ನಮಗೆ ಮೂವತ್ತು ದಾಟುವವರೆಗೆ ಇದು ಕಂಡಿರಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಅವರೆಯ ಸಸಿಯೊಂದನ್ನು ಲೋಟದಿಂದ ಡಬ್ಬಿಗೆ ದಾಟಿಸಿದೆವು. ಮಗಳು ಪೊರಕೆಯ ಕಡ್ಡಿಯೊಂದನ್ನು ಪಕ್ಕದಲ್ಲಿ ಊರಿ, ದಿನವೂ ಬೆಳಿಗ್ಗೆ ಸಸಿಯ ಎತ್ತರಕ್ಕೆ ಉಗುರಿನಿಂದ ಗೆರೆ ಹಾಕುತ್ತಿದ್ದಳು. ಸಸಿಯ ಮೇಲೆ ಮನೆಯವರೆಲ್ಲರಿಗೂ ಪ್ರೀತಿ ಹುಟ್ಟಿದ್ದೇ ಅದಕ್ಕೆ ಮುಳುವಾಯಿತು. ಸಾಲೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಅವಳು ನೀರು ಹಾಕುವಳು. ಯಾರೂ ಹಾಕಿಲ್ಲವೆಂದು ಮಧ್ಯಾಹ್ನ ನಮ್ಮಾಕೆ ಹಾಕುವಳು. ರಾತ್ರಿ ಊಟ ಮುಗಿಸಿ ಕೈತೊಳೆದ ಮೇಲೆ ನಾವೂ ಒಂದಿಷ್ಟು. ಮೇಲೆ ಮುಂಬಯಿಯ ಮಳೆಯ ಎರಚಲು ಬೇರೆ. ಡಬ್ಬಿಗೆ ಕೆಳಗೆ ತೂತಿರಲಿಲ್ಲ. ಹನ್ನೊಂದನೆಯ ಗೆರೆಯ ಮರುದಿನ ಸಂಜೆ ಸಸಿ ಬುಡದಲ್ಲಿ ಬಾಗಿ ಮಲಗಿತ್ತು. ಮಗಳು ಆಗಲೇ ನಿದ್ದೆಹೋಗಿದ್ದಳು, ಅದನ್ನಿನ್ನೂ ನೋಡಿರಲಿಲ್ಲ.

ಆಗ ನಾವು ಮಾಡಿದ್ದನ್ನು ಹೇಳಿಬಿಡುತ್ತೇವೆ. ಕೆಳಗಿನ ಮಜಲಿನಲ್ಲಿ ಒಬ್ಬ ಮರಾಠಿ ಆಜಿ ಇದ್ದಾರೆ, ಕಿಟಕಿಯ ಜಾಳಿಗೆಯಲ್ಲಿ ವಾಲ್ ಬೆಳೆಸುತ್ತಾರೆ. ವಾಲ್ ಎಂದರೆ ನಮ್ಮ ಅವರೆಯೇ. ರಾತ್ರಿ ಹತ್ತಕ್ಕೆ ಅವರ ಬಾಗಿಲು ತಟ್ಟಿ ಒಂದು ಸಸಿ ಬೇಡಿದೆವು. ಅವರು ಯಾಕೆಂದು ಕೇಳದೆ ಕಿತ್ತುಕೊಟ್ಟರು. ಸತ್ತದ್ದನ್ನು ಹಸಿಕಸದ ಬುಟ್ಟಿಗೆ ಹಾಕಿ, ಬದುಕಿದ್ದನ್ನು ಡಬ್ಬಿಯಲ್ಲಿ ನೆಟ್ಟು, ಮಣ್ಣು ಸವರಿ, ಒಳ್ಳೆಯ ಕೆಲಸ ಮಾಡಿದೆವೆಂಬ ನೆಮ್ಮದಿಯಿಂದ ಮಲಗಿದೆವು. ಮಗುವಿನ ಕಣ್ಣಲ್ಲಿ ನೀರು ಬರಬಾರದೆಂಬುದೊಂದೇ ನಮ್ಮ ಉದ್ದೇಶವಾಗಿತ್ತು.

ಬೆಳಿಗ್ಗೆ ಅವಳು ಕಡ್ಡಿ ಹಿಡಿದು ಬಹಳ ಹೊತ್ತು ನೋಡಿದಳು. "ಅಪ್ಪಾ, ಇದು ನಂದಲ್ಲ."

"ನಿಂದ ಅದು. ರಾತ್ರಿ ಬೆಳದೈತಿ."

"ಒಂದ ರಾತ್ರ್ಯಾಗ ನಾಕ ಗೆರಿ ಬೆಳಿತೈತೇನು? ನಂದರ ಎಲಿಗೆ ಹುಳಾ ತಿಂದ ತೂತ ಇತ್ತು."

ಅಳಲಿಲ್ಲ, ಹಟ ಮಾಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಸಾಲೆಗೆ ಹೋದಳು. ದಾರಿಯಲ್ಲಿ ತಾಯಿಯನ್ನು ಕೇಳಿದಳಂತೆ: "ಅಪ್ಪ ಹೇಳಿದ ಗೋಟಿದೂ ಸುಳ್ಳೇನು?"

ಇದನ್ನು ನಮ್ಮಾಕೆ ನಮಗೆ ತಿಳಿಸಿದ್ದು ಕಚೇರಿಗೆ ಫೋನು ಮಾಡಿ. ಅಂದು ಮೇಜಿನ ಮೇಲಿನ ಕಾಗದ ಒಂದೂ ಸರಿಯಲಿಲ್ಲ. ನೈಟನೂ ಡಾರ್ವಿನನೂ ಎಷ್ಟೋ ವರ್ಷ ತಪಸ್ಸು ಮಾಡಿ ಕಂಡುಕೊಂಡದ್ದನ್ನು ನಾವು ಒಂದು ರಾತ್ರಿಯಲ್ಲಿ ಸುಳ್ಳಿನ ಸಾಲಿಗೆ ಸೇರಿಸಿಬಿಟ್ಟಿದ್ದೆವು. ಇನ್ನು ಮುಂದೆ ಗಿಡದ ಬಗೆಗೆ ಏನು ಹೇಳಿದರೂ ಅವಳು ನಮ್ಮ ಮುಖ ನೋಡಿ ನಿರ್ಧರಿಸುವವಳು, ಗಿಡ ನೋಡಿಯಲ್ಲ.

ಸಂಜೆ ಮನೆಗೆ ಬಂದವರೇ ಕಸದ ಬುಟ್ಟಿ ಕೆದಕಿದೆವು. ಪುಣ್ಯಕ್ಕೆ ಕಸದವನು ಅಂದು ಬಂದಿರಲಿಲ್ಲ. ಸತ್ತ ಸಸಿಯನ್ನು ತಂದು ಮಗಳ ಮುಂದಿಟ್ಟು, ನಿನ್ನೆ ರಾತ್ರಿ ನಡೆದದ್ದನ್ನು ಆಜಿಯ ಮನೆಯವರೆಗೆ ಬಿಡದೆ ಹೇಳಿದೆವು. ಅವಳು ಎಲೆಯ ತೂತು ನೋಡಿ ಗುರುತಿಸಿದಳು. ಬೇರನ್ನು ನಳದ ಕೆಳಗೆ ತೊಳೆದೆವು. ಲೋಟದಲ್ಲಿ ಬಿಳಿದಾರದಂತಿದ್ದ ಬೇರು ಈಗ ಕಂದುಬಣ್ಣ. ಹಿಡಿದರೆ ಜಾರುವುದು, ಮೂಸಿದರೆ ನಾತ. ಆಜಿಯ ಸಸಿಯ ಬೇರನ್ನೂ ಎತ್ತಿ ಪಕ್ಕದಲ್ಲಿಟ್ಟು ನೋಡಿದೆವು. ಬೇರಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಮಣ್ಣಿನ ಕಣಗಳ ಸಂದಿಯಲ್ಲಿ ಗಾಳಿಯಿರುತ್ತದೆ; ಸಂದಿಯೆಲ್ಲ ನೀರೇ ತುಂಬಿ ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಸುವ ಬೂಷ್ಟು ಅದನ್ನು ಹಿಡಿಯುತ್ತದೆ. ಮೊಳೆ ಕಾಸಿ ಡಬ್ಬಿಯ ತಳಕ್ಕೆ ಐದು ತೂತು ಹಾಕಿದೆವು. ತೂತಿನ ಮೇಲೆ ಹಂಚಿನ ಚೂರು, ಅದರ ಮೇಲೆ ಮಣ್ಣು. ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ ನೀರೆಂದು ನಿಯಮವಾಯಿತು. ನೀರು ಹಾಕುವ ಅಧಿಕಾರ ಒಬ್ಬಳಿಗೇ. ನಮಗೂ ನಮ್ಮಾಕೆಗೂ ನಿಷೇಧಾಜ್ಞೆ.

ಸತ್ತ ಸಸಿಯನ್ನು ಅವಳು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ವಹಿಯಲ್ಲಿ ಅಂಟಿಸಿ, ಕೆಳಗೆ ಮನೆಯಲ್ಲಿ ಕಲಿತ ಕನ್ನಡದಲ್ಲಿ ಬರೆದಳು: "ಅವರಿ. 11 ಗೆರಿ. ನೀರ ಹೆಚ್ಚಾಗಿ ಸತ್ತತು." ಸಾಲೆಗೆ ಒಯ್ದದ್ದೂ ಅದನ್ನೇ. ಉಳಿದ ಮಕ್ಕಳ ಕೈಯಲ್ಲಿ ನಳನಳಿಸುವ ಕುಂಡಗಳಿದ್ದುವಂತೆ. ಅವುಗಳಲ್ಲಿ ಎಷ್ಟು ಹಿಂದಿನ ದಿನ ನರ್ಸರಿಯಿಂದ ಬಂದವೋ! ಅವರ ತಂದೆತಾಯಿಗಳನ್ನು ಆಡಿಕೊಳ್ಳುವ ಹಕ್ಕು ನಮಗಂತೂ ಉಳಿದಿಲ್ಲ.

ಆಜಿಯ ಸಸಿಯನ್ನು ಆಜಿಗೇ ಮರಳಿಸಬೇಕೆಂದು ಮಗಳ ಹಟ. ಆದರೆ ಎರಡು ಸಲ ಕಿತ್ತ ಸಸಿ ಬದುಕಲಿಲ್ಲ. ಆ ಸಾಲ ಹಾಗೇ ಉಳಿಯಿತು. ತೂತಿನ ಡಬ್ಬಿಯಲ್ಲಿ ಶ್ರಾವಣದ ಮೊದಲ ವಾರ ಹೊಸ ಅವರೆಕಾಳು ಬಿತ್ತಿದಳು.

ನವರಾತ್ರಿಗೆ ಅವ್ವ ಊರಿನಿಂದ ಬಂದಳು. ನಮ್ಮಲ್ಲಿ ಘಟ ಕೂಡ್ರಿಸುವ ಪದ್ಧತಿಯುಂಟು. ಇಲ್ಲಿಯ ಮರಾಠಿ ಮನೆಗಳಲ್ಲಿಯೂ ಉಂಟು. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ಜೋಳ, ಗೋದಿ, ಕಡಲೆ, ಹೆಸರು ಮೊದಲಾದ ಧಾನ್ಯ ಬೆರೆಸಿ, ನಡುವೆ ನೀರು ತುಂಬಿದ ಗಡಿಗೆ ಇಡುವುದು. ಒಂಬತ್ತು ದಿನದಲ್ಲಿ ಸಸಿ ಗೇಣುದ್ದವಾಗುತ್ತದೆ. ನೂರಾರು ವರ್ಷಗಳಿಂದ ಪ್ರತಿ ಮನೆಯಲ್ಲೂ ಇಂಥದೊಂದು ಪಾಠಶಾಲೆ ನಡೆಯುತ್ತಿದ್ದರೂ ಮಕ್ಕಳನ್ನು "ಮುಟ್ಟಬ್ಯಾಡ, ಮೈಲಿಗಿ" ಎಂದು ದೂರ ನಿಲ್ಲಿಸಿಯೇ ಬಂದಿದ್ದೇವೆ.

ನಾಲ್ಕನೆಯ ದಿನ ಮಗಳು ಕೇಳಿದಳು: "ಅಮ್ಮಾ, ಘಟದ ಸಸಿ ಹಳದಿ ಯಾಕ? ನಮ್ಮ ಗ್ಯಾಲರಿದು ಹಸರ ಐತಿ."

"ದೇವಿ ಬಂಗಾರ ಅದು, ತಂಗಿ" ಎಂದಳು ಅವ್ವ. ನಮ್ಮ ಮಗಳು ನಮ್ಮ ಕಡೆ ನೋಡಿದಳು. ಹಿಂದಿನ ಪ್ರಸಂಗ ನೆನಪಿತ್ತು, ಆದುದರಿಂದ ಬಾಯಿ ಬಿಡದೆ ಇರಲಾಗಲಿಲ್ಲ. ಎಲೆಗೆ ಹಸುರು ಬಣ್ಣ ಕೊಡುವ ಪದಾರ್ಥ ತಯಾರಾಗಲು ಬೆಳಕು ಬೇಕು. ದೇವರ ಮೂಲೆಯ ಕತ್ತಲೆಯಲ್ಲಿ ಸಸಿ ಬುತ್ತಿಯನ್ನು ಉಂಡುಕೊಂಡೇ ಬೆಳಕು ಹುಡುಕುತ್ತ ಉದ್ದುದ್ದ ಬೆಳೆಯುತ್ತದೆ ಎಂದೆವು. ಅವ್ವ ಸಿಟ್ಟಾಗುವಳೆಂದುಕೊಂಡಿದ್ದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಘಟದ್ದು ಮುಟ್ಟಬ್ಯಾಡ್ರಿ. ಕೂಸಿಗೆ ಬ್ಯಾರೆ ಎರಡ ಪರಾತ ಹಾಕಿಕೊಡತೀನಿ" ಎಂದು ಅದೇ ಧಾನ್ಯ, ಅದೇ ಮಣ್ಣು ಎರಡು ಪರಾತಗಳಲ್ಲಿ ಹಾಕಿಕೊಟ್ಟಳು. ಒಂದು ಗ್ಯಾಲರಿಗೆ, ಇನ್ನೊಂದು ಮಂಚದ ಕೆಳಗೆ. ಒಂದು ವಾರದಲ್ಲಿ ಮಂಚದ ಕೆಳಗಿನದು ಎತ್ತರ, ಹಳದಿ, ಮುಟ್ಟಿದರೆ ಬೀಳುವಂಥದು. ಗ್ಯಾಲರಿಯದು ಗಿಡ್ಡ, ಹಸುರು, ಗಟ್ಟಿ.

ಆಮೇಲೆ ಅವ್ವ ಕಲಿಸಿದ್ದು ನಮಗೆ ಗೊತ್ತೇ ಇರಲಿಲ್ಲ. ಬಿತ್ತುವ ಜೋಳವನ್ನು ಎಣಿಸಿ ಹತ್ತು ಕಾಳು ಒದ್ದೆ ಅರಿವೆಯಲ್ಲಿ ಕಟ್ಟಿಡಬೇಕಂತೆ. ಎಂಟು ಒಂಬತ್ತು ಮೊಳೆತರೆ ಬೀಜ ಛಲೋ, ಐದಾರು ಮೊಳೆತರೆ ಬೇರೆ ಬೀಜ ನೋಡಬೇಕು. ನಮ್ಮ ಕಡೆ ಹಿಂಗಾರಿ ಜೋಳದ ಬಿತ್ತನೆ ನಡೆಯುವುದು ನವರಾತ್ರಿಯ ಆಸುಪಾಸಿನಲ್ಲಿಯೇ. ಘಟವೂ ಮೂಲದಲ್ಲಿ ಇಂಥ ಬೀಜಪರೀಕ್ಷೆಯೇ ಇದ್ದೀತೆಂದು ನಮಗೆ ಅನಿಸುತ್ತದೆ. ಅವ್ವ ಇದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ದಸರೆಯ ದಿನ ಇನ್ನೊಂದು ಗೊಂದಲ. ಅವ್ವ ಊರಿನಿಂದ ತಂದ ಬನ್ನಿ ಸಣ್ಣ ಸಣ್ಣ ಎಲೆಯದು. ಇಲ್ಲಿ ಬಂಗಾರವೆಂದು ಹಂಚುವುದು ಆಪಟೆ, ಎತ್ತಿನ ಗೊರಸಿನಂತೆ ಸೀಳಿದ ಒಂದೇ ಎಲೆ. "ಎರಡರಾಗ ಖರೇ ಬಂಗಾರ ಯಾವ್ದು?" ಎಂದಳು ಮಗಳು. ಬನ್ನಿಯೂ ಆಪಟೆಯೂ ಅವರೆ ತೊಗರಿಗಳಂತೆ ಕೋಡು ಬಿಡುವ ಒಂದೇ ಬಳಗದವು. ಊರು ಬೇರೆ, ಮನೆತನ ಒಂದೇ ಎಂದು ಹೇಳಿ ಪಾರಾದೆವು.

ಹೆಸರುಗಳ ವಿಷಯ ಬಂತಾದ್ದರಿಂದ ಒಂದು ಮಾತು. ಈ ಊರಿನ ನಮ್ಮ ಮಕ್ಕಳಿಗೆ ಮೇಥಿ, ಮಟಕಿ, ಕೊಥಿಂಬೀರ್ ಗೊತ್ತು. ಮೆಂತ್ಯ, ಮಡಕಿ, ಕೊತ್ತಂಬರಿ ಎಂದರೆ ಕಣ್ಣು ಬಿಡುತ್ತಾರೆ. ಪುಸ್ತಕದಿಂದ ಬಾಯಿಪಾಠ ಮಾಡಿಸಿದರೆ ಈ ಹೆಸರುಗಳು ನಿಲ್ಲುವುದಿಲ್ಲ. ತಾನೇ ಬಿತ್ತಿದ್ದರ ಹೆಸರು ಮಾತ್ರ ಮರೆಯುವುದಿಲ್ಲ. ಮೊದಲ ಸಲಕ್ಕೆ ಮೆಂತ್ಯ ಒಳ್ಳೆಯದು, ಎರಡು ಮೂರು ದಿನದಲ್ಲಿ ಮೊಳೆಯುತ್ತದೆ. ಕೊತ್ತಂಬರಿಯನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು, ಒಂದೆರಡು ವಾರ ಕಾಯಬೇಕು. ಆತುರದ ಮಗುವಿಗೆ ಅದನ್ನು ಕೊಡಬೇಡಿರಿ. ಹುರಿಯದ ಶೇಂಗಾ ಹಾಕಿದರೆ ಸೋಜಿಗ ಕಾಣಬಹುದು: ಹೂವು ಮೇಲೆ ಬಿಟ್ಟು, ಉದುರಿದ ಮೇಲೆ ಅದರ ಬುಡದಿಂದ ಕಡ್ಡಿಯೊಂದು ಇಳಿದು ಮಣ್ಣು ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ. ಓದುವ ವಯಸ್ಸಿನ ಮಕ್ಕಳಿದ್ದರೆ ಶಿವರಾಮ ಕಾರಂತರು 1936ರಲ್ಲಿ ಹೊರತಂದ 'ಬಾಲ ಪ್ರಪಂಚ'ವನ್ನು ಹುಡುಕಿರಿ. ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ವನ್ನು ಮೊದಲು ತಂದೆತಾಯಿಗಳು ಓದಿ, ಊಟದ ಹೊತ್ತಿಗೆ ಮೆಣಸಿನಕಾಯಿಯ ಕಥೆ ಹೇಳಬಹುದು.

ಕುಂಡಕ್ಕೆ ಜಾಗವಿಲ್ಲವೆನ್ನುವವರಿಗೆ ಗೋರೆಗಾಂವಿನಲ್ಲಿ ನೆಪವೇ ಇಲ್ಲ. ಹಾಲಿನ ಎಮ್ಮೆಗಳಿಗಾಗಿ 1949ರಲ್ಲಿ ಹುಟ್ಟಿದ ಆರೆ ಕಾಲೊನಿ ಮಗ್ಗುಲಲ್ಲೇ ಇದೆ. ಅದರಾಚೆಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನ. ಅಲ್ಲಿ 2024ರ ಮಳೆಗಾಲದ ಕೊನೆಗೆ ಕಾರವಿ ಹೂಬಿಟ್ಟಾಗ ಮಗಳನ್ನು ಕರೆದೊಯ್ದಿದ್ದೆವು. ಇದು ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಪೊದೆ. ಅದಕ್ಕೂ ಮುಂಚೆ 2016ರಲ್ಲಿ ಬಿಟ್ಟಿತ್ತು. ಇದರ ಕಡ್ಡಿ ಹೆಣೆದು ಮಣ್ಣು ಮೆತ್ತಿ ವಾರ್ಲಿ ಜನ ಗುಡಿಸಲಿನ ಗೋಡೆ ಮಾಡುತ್ತಾರೆ. ಇನ್ನು 2032ಕ್ಕೆ. ಆಗ ನಮ್ಮ ಮಗಳು ನಮ್ಮ ಕೈ ಹಿಡಿದು ಬರುವ ವಯಸ್ಸಿನವಳಾಗಿರುವುದಿಲ್ಲ.

ಅವರೆಗೆ ಹಿಂತಿರುಗೋಣ. ಬಳ್ಳಿ ಗ್ಯಾಲರಿಯ ಸರಳುಗಳನ್ನೆಲ್ಲ ಸುತ್ತಿತು. ದಸರೆ ಹೋಯಿತು, ದೀಪಾವಳಿ ಹೋಯಿತು, ಹೂವಿನ ಸುಳಿವಿಲ್ಲ. ಊರಿನ ಜವಾರಿ ಅವರೆ ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುವುದನ್ನು ಕಾದು ಹೂಬಿಡುವಂಥದು. ಅಮೆರಿಕದ ಗಾರ್ನರ್, ಅಲಾರ್ಡ್ ಎಂಬ ಇಬ್ಬರು 1920ರಲ್ಲಿ ಹೊಗೆಸೊಪ್ಪಿನ ಗಿಡದ ಮೇಲೆ ಪ್ರಯೋಗ ಮಾಡಿ ಇಂಥ ಗುಣವನ್ನು ಲೋಕಕ್ಕೆ ತಿಳಿಸಿದರು. ರಾತ್ರಿ ಬೆಳಕು ಬೀಳುತ್ತಿದ್ದರೆ ಇಂಥ ಗಿಡ ಮೋಸಹೋಗುವುದುಂಟು. ನಮ್ಮ ಗ್ಯಾಲರಿಯ ದೀಪ ಮಧ್ಯರಾತ್ರಿಯವರೆಗೆ ಉರಿಯುತ್ತಿತ್ತು, ನಾವು ಅಲ್ಲಿಯೇ ಕುಳಿತು ಈ ಅಂಕಣ ಬರೆಯುವುದರಿಂದ. ಮಗಳು ಗುಂಡಿಯ ಮೇಲೆ ಕಾಗದ ಅಂಟಿಸಿದಳು: "ಹಚ್ಚಬ್ಯಾಡ್ರಿ." ಅಂದಿನಿಂದ ನಾವು ಬರೆಯುವುದು ಅಡಿಗೆಮನೆಯಲ್ಲಿ. ಹೂವು ಬಂದದ್ದು ದೀಪ ಆರಿಸಿದ್ದರಿಂದಲೋ, ಮಾರ್ಗಶಿರ ಬಂದದ್ದರಿಂದಲೋ ಎಂದು ಅವಳು ಕೇಳಿದಾಗ, ಎರಡು ಬಳ್ಳಿ ಇಟ್ಟು ನೋಡಿದ್ದರೆ ಹೇಳಬಹುದಿತ್ತು, ಒಂದರಿಂದ ಹೇಳಲು ಬರುವುದಿಲ್ಲ ಎಂದೆವು.

ಮೂರು ಕಾಯಿ ಬಲಿತವು. ಒಳಗೆ ಒಟ್ಟು ಏಳು ಕಾಳು. ಎರಡನ್ನು ಕಾಗದದಲ್ಲಿ ಮಡಿಚಿ, ಒಬ್ಬಳೇ ಕೆಳಗಿನ ಮಜಲಿಗೆ ಹೋಗಿ ಆಜಿಗೆ ಕೊಟ್ಟು ಬಂದಳು. "ಅಪ್ಪ ರಾತ್ರಿ ತಂದಿದ್ದಕ್ಕ" ಎಂದು ಮರಾಠಿಯಲ್ಲಿ ಹೇಳಿದಳಂತೆ. ಆಜಿ ವಾಲ್ ಎಂದರಂತೆ, ಇವಳು ಅವರಿ ಎಂದಳಂತೆ. ಉಳಿದ ಐದು ಕಾಳು ಕಡ್ಡಿಪೆಟ್ಟಿಗೆಯಲ್ಲಿವೆ. ಬರುವ ಆಷಾಢದವರೆಗೆ ಅದನ್ನು ಯಾರೂ ತೆರೆಯಕೂಡದೆಂದು ನಮಗೆ ತಾಕೀತಾಗಿದೆ.